ವೆಬ್‌ಸೈಟಿಗೆ ಎಷ್ಟು ಮಂದಿ ಬಂದರು? ಎಣಿಸುವ ಸಾಧನಗಳಲ್ಲಿ ನಿಮಗೆ ಯಾವುದು ಸರಿ

ಗಂಗಾವತಿಯ ಒಂದು ರೈಸ್ ಮಿಲ್ಲಿನ ಆಫೀಸು. ಮೇಜಿನ ಮೇಲೆ ಮೂರು ಹಾಳೆ ಇಟ್ಟಿದ್ದೆ. ಮೂರೂ ಅವರದೇ ವೆಬ್‌ಸೈಟಿನವು, ಮೂರೂ ಒಂದೇ ತಿಂಗಳಿನವು. ಹೋಸ್ಟಿಂಗ್ ಪ್ಯಾನೆಲ್‌ನಲ್ಲಿದ್ದ ಎಡಬ್ಲ್ಯೂಸ್ಟ್ಯಾಟ್ಸ್ ಅನ್ನೋ ಎಣಿಕೆ ಸಾಧನ ದೊಡ್ಡ ಅಂಕಿ ತೋರಿಸಿತ್ತು. ಗೂಗಲ್ ಅನಲಿಟಿಕ್ಸ್‌ನ ಅಂಕಿ ಅದರ ಕಾಲು ಭಾಗವೂ ಇರಲಿಲ್ಲ. ಗೂಗಲ್ ಹುಡುಕಾಟದಿಂದ ಬಂದವರ ಲೆಕ್ಕ ಕೊಡುವ ಸರ್ಚ್ ಕನ್ಸೋಲ್‌ನದು ಇನ್ನೂ ಕಡಿಮೆ. ಸಾವ್ಕಾರರು ಕನ್ನಡಕ ಏರಿಸಿಕೊಂಡು ಮೂರನ್ನೂ ಎರಡೆರಡು ಸಲ ನೋಡಿದರು.

"ತಮ್ಮಾ, ಇದರಾಗ ಖರೇ ಯಾವ್ದು?"

"ಮೂರೂ ಖರೇನ ಅದಾವ್ರಿ ಸಾವ್ಕಾರ್ರ. ಒಂದು ಭತ್ತದ ತೂಕ, ಒಂದು ಅಕ್ಕಿ ತೂಕ. ಇನ್ನೊಂದು ಒಂದೇ ಗೇಟಿನಿಂದ ಬಂದ ಲಾರಿ ಲೆಕ್ಕ."

ಅವರಿಗೆ ತಟ್ಟನೆ ಅರ್ಥವಾಯಿತು. ಕ್ವಿಂಟಲ್ ಭತ್ತ ಹಾಕಿದರೆ ಕ್ವಿಂಟಲ್ ಅಕ್ಕಿ ಬರೋದಿಲ್ಲ. ಹೊಟ್ಟು, ತೌಡು, ನುಚ್ಚು ಎಲ್ಲ ಕಳೆಯಬೇಕು. ವೆಬ್‌ಸೈಟಿನ ಲೆಕ್ಕವೂ ಹಾಗೇ. ಯಾವ ಹಂತದಲ್ಲಿ ತೂಗಿದಿರಿ ಅನ್ನೋದರ ಮೇಲೆ ಅಂಕಿ ಬದಲಾಗುತ್ತದೆ.

ನಾನು ಕೊಪ್ಪಳದಲ್ಲಿದ್ದುಕೊಂಡು ಸುತ್ತಲಿನ ಸಣ್ಣ ವ್ಯಾಪಾರಗಳಿಗೆ ವೆಬ್‌ಸೈಟ್ ಮಾಡಿಕೊಡುತ್ತೇನೆ. ಬಳ್ಳಾರಿಯಲ್ಲಿ ಜೀನ್ಸ್ ಹೊಲಿಯುವ ಒಂದು ಘಟಕ, ಕಿನ್ನಾಳ ಗೊಂಬೆ ಮಾಡಿ ಮಾರುವ ಒಂದು ಕುಟುಂಬ, ರಾಯಚೂರಿನ ಒಂದು ಕೋಚಿಂಗ್ ಸೆಂಟರ್, ಒಂದು ಸ್ಥಳೀಯ ಸುದ್ದಿ ತಾಣ. ಎಲ್ಲರೂ ಕೇಳೋದು ಒಂದೇ: ಮಂದಿ ಬರುತ್ತಿದ್ದಾರಾ? ಆ ಒಂದು ಪ್ರಶ್ನೆಯೊಳಗೆ ನಾಲ್ಕೈದು ಪ್ರಶ್ನೆಗಳಿವೆ. ಎಷ್ಟು ಜನ ಬಂದರು? ಎಲ್ಲಿಂದ ಬಂದರು? ಏನು ಹುಡುಕಿಕೊಂಡು ಬಂದರು? ಬಂದವರು ಏನು ಮಾಡಿದರು? ಕೊನೆಗೆ ಫೋನ್ ಮಾಡಿದರಾ, ಇಲ್ವಾ? ಯಾವ ಸಾಧನವೂ ಇದೆಲ್ಲಕ್ಕೂ ಚೆನ್ನಾಗಿ ಉತ್ತರ ಕೊಡೋದಿಲ್ಲ. ನಿಮಗೆ ಇದರಲ್ಲಿ ಯಾವುದು ಬೇಕು ಅಂತ ಮೊದಲು ಗೊತ್ತು ಮಾಡಿಕೊಂಡರೆ ಆಯ್ಕೆ ಸುಲಭ.

ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ನಮ್ಮ ಭಾಗದ ಹತ್ತರಲ್ಲಿ ಎಂಟು ಸಣ್ಣ ತಾಣಗಳಿಗೆ ಸರ್ಚ್ ಕನ್ಸೋಲ್, ಒಂದು ಹಗುರವಾದ ಎಣಿಕೆ ಸಾಧನ, ಎಲ್ಲಿಂದ ಬಂದರು ಅಂತ ಗೊತ್ತಾಗುವ ಹಾಗೆ ಗುರುತು ಹಾಕಿದ ವಾಟ್ಸಾಪ್ ಲಿಂಕುಗಳು, ಇಷ್ಟೇ ಸಾಕು. ಗೂಗಲ್ ಅನಲಿಟಿಕ್ಸ್ ಬೇಕಾಗೋದು ಜಾಹೀರಾತಿಗೆ ದುಡ್ಡು ಹಾಕುವಾಗ.

ಸರ್ವರ್ ಬರೆದಿಡುವ ಸಾಲು

ಯಾರಾದರೂ ನಿಮ್ಮ ಪುಟ ತೆರೆದರೆ, ಅದಕ್ಕೆ ಬೇಕಾದ ಒಂದೊಂದು ಕಡತಕ್ಕೂ ಸರ್ವರ್ ಒಂದು ಸಾಲು ಬರೆದಿಡುತ್ತದೆ. ಇದೇ ಆಕ್ಸೆಸ್ ಲಾಗ್. ಬಂದವರ ಐಪಿ ವಿಳಾಸ (ಇಂಟರ್ನೆಟ್‌ನಲ್ಲಿ ಅವರ ಸಂಪರ್ಕದ ನಂಬರ್), ದಿನ, ಹೊತ್ತು, ಕೇಳಿದ ಪುಟ, ಅದು ಸಿಕ್ಕಿತೋ ಇಲ್ಲವೋ (200 ಅಂದರೆ ಸಿಕ್ಕಿತು, 404 ಅಂದರೆ ಅಂಥ ಪುಟವೇ ಇಲ್ಲ), ಎಷ್ಟು ಬೈಟ್ ಹೋಯಿತು, ಯಾವ ತಾಣದಿಂದ ಬಂದರು, ಯಾವ ಬ್ರೌಸರ್ ಬಳಸಿದರು, ಎಲ್ಲ ಆ ಸಾಲಿನಲ್ಲಿರುತ್ತದೆ. ಸಿಪ್ಯಾನೆಲ್ ಅನ್ನೋ ಪ್ಯಾನೆಲ್ ಇರುವ ಹೋಸ್ಟಿಂಗ್ ಆದರೆ 'ರಾ ಆಕ್ಸೆಸ್' ಅನ್ನೋ ಕಡೆಯಿಂದ ಇಳಿಸಿಕೊಳ್ಳಬಹುದು. ಇದಕ್ಕೆ ನೀವು ಏನನ್ನೂ ಜೋಡಿಸಬೇಕಾಗಿಲ್ಲ, ಅದು ಮೊದಲಿನಿಂದಲೂ ಬರೆಯುತ್ತಲೇ ಇರುತ್ತದೆ.

ಈ ಸಾಲುಗಳನ್ನು ಕೂಡಿಸಿ ಲೆಕ್ಕ ಕೊಡುವ ಹಳೆಯ ಸಾಧನಗಳು ವೆಬಲೈಜರ್ ಮತ್ತು ಎಡಬ್ಲ್ಯೂಸ್ಟ್ಯಾಟ್ಸ್. ಸ್ವಲ್ಪ ಕಮಾಂಡ್ ಬರೆಯೋಕೆ ಬಂದರೆ ಗೋಆಕ್ಸೆಸ್ ಚೆನ್ನಾಗಿದೆ, ಟರ್ಮಿನಲ್‌ನಲ್ಲೇ ಓಡುತ್ತದೆ, ಬೇಕಾದರೆ ವರದಿಯನ್ನು ವೆಬ್ ಪುಟವಾಗಿಯೂ ಕೊಡುತ್ತದೆ. ಮೂರೂ ಉಚಿತ.

ಇಲ್ಲಿ 'ಹಿಟ್ಸ್' ಅನ್ನೋ ಮಾತಿನ ಬಗ್ಗೆ ಎಚ್ಚರ ಬೇಕು. ಗೊಂಬೆಗಳ ಒಂದು ಪುಟ ಇದೆ ಅಂದುಕೊಳ್ಳಿ. ಅದರಲ್ಲಿ 25 ಫೋಟೋ, ಪುಟದ ಅಂದ ಹೇಳುವ 2 ಸಿಎಸ್ಎಸ್ ಕಡತ, 3 ಸ್ಕ್ರಿಪ್ಟ್ (ಬ್ರೌಸರ್‌ನಲ್ಲಿ ಓಡುವ ಕೋಡ್). ಒಬ್ಬರು ಒಂದೇ ಸಲ ಆ ಪುಟ ತೆರೆದರೆ ಲಾಗ್‌ನಲ್ಲಿ 31 ಸಾಲು ಬೀಳುತ್ತವೆ. ಅಂದರೆ 31 ಹಿಟ್ಸ್, ಬಂದವರು ಒಬ್ಬರೇ! ನಿಮ್ಮ ವೆಬ್‌ಸೈಟ್ ನೋಡಿಕೊಳ್ಳುವವರು ತಿಂಗಳ ಕೊನೆಗೆ ಹಿಟ್ಸ್ ಲೆಕ್ಕ ತಂದರೆ, "ಹಿಟ್ಸ್ ಬ್ಯಾಡ್ರಿ, ಭೇಟಿ ಎಷ್ಟು ಹೇಳ್ರಿ" ಅಂತ ಕೇಳಿ. ಮಿಲ್ಲಿನ ಮೊದಲ ಹಾಳೆಯ ದೊಡ್ಡ ಅಂಕಿಯೂ ಅದೇ ಆಗಿತ್ತು.

ಇನ್ನೊಂದು ಹೊಟ್ಟು ಬಾಟ್‌ಗಳು, ಅಂದರೆ ತಾವಾಗಿಯೇ ಪುಟ ಓದುವ ತಂತ್ರಾಂಶಗಳು. ಗೂಗಲ್‌ಬಾಟ್, ಬಿಂಗ್‌ಬಾಟ್, ಈಗ ಎಐ ಕಂಪನಿಗಳ ಜಿಪಿಟಿಬಾಟ್‌ನಂಥವು ಹಗಲು ರಾತ್ರಿ ಬಂದು ಪುಟ ಓದುತ್ತವೆ. ಎಡಬ್ಲ್ಯೂಸ್ಟ್ಯಾಟ್ಸ್ ತನಗೆ ಗೊತ್ತಿರುವ ಬಾಟ್‌ಗಳನ್ನು ಬೇರೆ ತೆಗೆದಿಡುತ್ತದೆ, ಆದರೆ ಕ್ರೋಮ್ ಬ್ರೌಸರ್ ಅಂತ ಹೇಳಿಕೊಂಡು ಬರುವ ಬಾಟ್‌ಗಳು ಮನುಷ್ಯರ ಲೆಕ್ಕದಲ್ಲೇ ಸೇರಿಬಿಡುತ್ತವೆ.

ಕನ್ನಡದಲ್ಲಿ ಪುಟದ ವಿಳಾಸ ಇಟ್ಟವರಿಗೆ ಲಾಗ್ ಓದೋದು ಒಂದು ಕಷ್ಟ. ಕಂಪ್ಯೂಟರು ಅಕ್ಷರಗಳನ್ನು ಬರೆದಿಡುವ ಯುಟಿಎಫ್-8 ಪದ್ಧತಿಯಲ್ಲಿ ಕನ್ನಡದ ಒಂದೊಂದು ಅಕ್ಷರಚಿಹ್ನೆಯೂ 3 ಬೈಟ್. ಒಂದೊಂದು ಬೈಟನ್ನೂ ಒಂದು ಶೇಕಡಾ ಗುರುತು ಮತ್ತು ಎರಡು ಅಂಕಿ-ಅಕ್ಷರ ಮಾಡಿ ಬರೆಯುತ್ತಾರೆ. 'ಬಳ್ಳಾರಿ'ಯಲ್ಲಿ ಒತ್ತು, ದೀರ್ಘ, ಗುಣಿಸು ಎಲ್ಲ ಸೇರಿ 7 ಚಿಹ್ನೆ. ಲಾಗ್‌ನಲ್ಲಿ ಅದು 63 ಅಕ್ಷರದ ಉದ್ದನೆಯ ಸಾಲಾಗಿ ಕಾಣುತ್ತದೆ. ಮೊದಲ ಸಲ ನೋಡಿದಾಗ ಯಾರೋ ಸೈಟ್ ಹ್ಯಾಕ್ ಮಾಡಿದ್ದಾರೆ ಅಂತ ಹೆದರಿ ಫೋನ್ ಮಾಡಿದವರಿದ್ದಾರೆ. ಹೆದರಬೇಡಿ, ಅದು ನಮ್ಮ ಊರಿನ ಹೆಸರೇ. ಬ್ರೌಸರ್‌ನ ವಿಳಾಸದ ಪಟ್ಟಿಯಲ್ಲಿ ಅಂಟಿಸಿದರೆ ಕನ್ನಡವಾಗಿ ತೆರೆದುಕೊಳ್ಳುತ್ತದೆ.

ಹಾಗಾದರೆ ಲಾಗ್ ಬಿಟ್ಟುಬಿಡೋಣವಾ? ಬೇಡ. ಬೇರೆ ಯಾವ ಸಾಧನಕ್ಕೂ ಕಾಣದ ಒಂದು ಸಂಗತಿ ಅದಕ್ಕೆ ಕಾಣುತ್ತದೆ. ರಾಯಚೂರಿನ ಕೋಚಿಂಗ್ ಸೆಂಟರ್‌ನವರು ಹಳೆಯ ಪ್ರಶ್ನೆಪತ್ರಿಕೆಗಳನ್ನು ಪಿಡಿಎಫ್ ಮಾಡಿ ತಾಣದಲ್ಲಿ ಇಟ್ಟಿದ್ದರು. ಅವರ ಅನಲಿಟಿಕ್ಸ್‌ನಲ್ಲಿ ಆ ಪುಟ ಸುಮ್ನೆ ಮಲಗಿತ್ತು. ತೆಗೆದುಬಿಡೋಣ ಅಂತ ಮಾತಾಯಿತು. ಅದಕ್ಕೂ ಮುಂಚೆ ಲಾಗ್ ಇಳಿಸಿ ನೋಡಿದೆ. ಪಿಡಿಎಫ್‌ಗಳನ್ನು ಹುಡುಗರು ದಿನವೂ ಇಳಿಸಿಕೊಳ್ಳುತ್ತಿದ್ದರು! ಯಾರೋ ಒಬ್ಬರು ನೇರವಾಗಿ ಪಿಡಿಎಫ್‌ನ ಲಿಂಕನ್ನೇ ವಾಟ್ಸಾಪ್ ಗುಂಪಿಗೆ ಹಾಕಿದ್ದರು. ಅನಲಿಟಿಕ್ಸ್ ಎಣಿಸೋದು ಪುಟದೊಳಗೆ ಹಾಕಿದ ಒಂದು ಸ್ಕ್ರಿಪ್ಟ್‌ನಿಂದ. ಪಿಡಿಎಫ್ ಒಳಗೆ ಅದು ಓಡೋದಿಲ್ಲ, ಆದ್ದರಿಂದ ಅನಲಿಟಿಕ್ಸ್‌ಗೆ ಅದು ಗೊತ್ತಾಗಲೇ ಇಲ್ಲ. ಆ ಪುಟ ಉಳಿಯಿತು, ಈಗ ಪ್ರತಿ ಪಿಡಿಎಫ್‌ನ ಮೊದಲ ಹಾಳೆಯಲ್ಲಿ ಸೆಂಟರ್‌ನ ಫೋನ್ ನಂಬರ್ ಇದೆ.

ಲಾಗ್ ಬಗ್ಗೆ ಕೊನೆಯ ಮಾತು. ಅನೇಕ ಹೋಸ್ಟಿಂಗ್‌ಗಳು ಹಳೆಯ ಲಾಗ್ ಅಳಿಸುತ್ತಾ ಹೋಗುತ್ತವೆ. ಸಿಪ್ಯಾನೆಲ್‌ನಲ್ಲಿ ಲಾಗ್‌ಗಳನ್ನು ಕೂಡಿಡುವ ಆಯ್ಕೆಗೆ ಟಿಕ್ ಹಾಕಿಕೊಳ್ಳಿ. ನಾನು ಒಂದು ತಾಣಕ್ಕೆ ಹಾಕಿರಲಿಲ್ಲ, ಒಂದು ವರ್ಷದ ಲೆಕ್ಕ ಹೋಯಿತು.

ಮೊದಲು ಜೋಡಿಸಬೇಕಾದ್ದು ಸರ್ಚ್ ಕನ್ಸೋಲ್

ಇದು ಉಚಿತ, ನಿಮ್ಮ ಪುಟಕ್ಕೆ ಒಂದು ಕೆಬಿ ಭಾರವನ್ನೂ ಹಾಕೋದಿಲ್ಲ. ಏಕೆಂದರೆ ಎಣಿಕೆ ನಡೆಯೋದು ನಿಮ್ಮ ತಾಣದಲ್ಲಲ್ಲ, ಗೂಗಲ್ ಹುಡುಕಾಟದ ಪುಟದಲ್ಲಿ. ಡೊಮೇನ್‌ನ ಡಿಎನ್ಎಸ್‌ನಲ್ಲಿ (ನಿಮ್ಮ ವೆಬ್ ವಿಳಾಸ ಯಾವ ಸರ್ವರ್‌ಗೆ ಹೋಗಬೇಕು ಅಂತ ಹೇಳುವ ಪಟ್ಟಿ) ಗೂಗಲ್ ಕೊಡುವ ಒಂದು ಟಿಎಕ್ಸ್‌ಟಿ ದಾಖಲೆ ಸೇರಿಸಿ ಈ ತಾಣ ನನ್ನದೇ ಅಂತ ತೋರಿಸಿಕೊಟ್ಟರೆ ಮುಗಿಯಿತು. ಜನ ಏನು ಬರೆದು ಹುಡುಕಿದಾಗ ನಿಮ್ಮ ಪುಟ ಕಾಣಿಸಿತು, ಎಷ್ಟು ಸಲ ಕಾಣಿಸಿತು, ಎಷ್ಟು ಸಲ ಒತ್ತಿದರು, ಸರಾಸರಿ ಎಷ್ಟನೇ ಜಾಗದಲ್ಲಿತ್ತು, ಎಲ್ಲ ಹೇಳುತ್ತದೆ. 16 ತಿಂಗಳ ಲೆಕ್ಕ ಇಟ್ಟುಕೊಂಡಿರುತ್ತದೆ. ಹಾಗಾಗಿ ಈ ವರ್ಷದ ದಸರಾವನ್ನು ಹೋದ ವರ್ಷದ ದಸರಾ ಜೊತೆ ಇಟ್ಟು ನೋಡಬಹುದು.

ಜೀನ್ಸ್ ಘಟಕದವರ ಸರ್ಚ್ ಕನ್ಸೋಲ್ ಮೊದಲ ಸಲ ತೆರೆದ ದಿನ ನನಗೆ ಚೆನ್ನಾಗಿ ನೆನಪಿದೆ. 2014ರ ನವೆಂಬರ್ 1ರಿಂದ ನಮ್ಮ ಊರಿನ ಇಂಗ್ಲಿಷ್ ಹೆಸರು ಬೆಲ್ಲಾರಿ ಹೋಗಿ ಬಳ್ಳಾರಿ ಆಯಿತಲ್ಲ. ನಾನು ತಾಣದಲ್ಲೆಲ್ಲ ಹೊಸ ಹೆಸರನ್ನೇ ಬರೆದಿದ್ದೆ, ಅದೇ ಸರಿ ಕೂಡ. ಆದರೆ ಹುಡುಕಾಟದ ಪಟ್ಟಿಯಲ್ಲಿ 'ಬೆಲ್ಲಾರಿ ಜೀನ್ಸ್ ಹೋಲ್‌ಸೇಲ್' ಅನ್ನೋ ಸಾಲುಗಳು ಮೇಲೆಯೇ ಕೂತಿದ್ದವು. ಹೊರಗಿನ ಊರುಗಳ ವ್ಯಾಪಾರಿಗಳ ನಾಲಿಗೆಯಲ್ಲಿ, ಕೀಬೋರ್ಡಿನಲ್ಲಿ ಹಳೆಯ ಹೆಸರೇ ಇದೆ. ಕಾಣಿಸಿದ್ದು ಜಾಸ್ತಿ, ಒತ್ತಿದ್ದು ಕಡಿಮೆ. ಪುಟದ ವಿವರಣೆಯಲ್ಲಿ ಒಂದು ವಾಕ್ಯದೊಳಗೆ ಹಳೆಯ ಹೆಸರನ್ನೂ ಸೇರಿಸಿದೆವು. ಎಷ್ಟು ಮಂದಿ ಬಂದರು ಅಂತ ಮಾತ್ರ ಹೇಳುವ ಯಾವ ಸಾಧನದಿಂದಲೂ ಇದು ತಿಳಿಯುತ್ತಿರಲಿಲ್ಲ.

ಕನ್ನಡದ ತಾಣಗಳಿಗೆ ಇದರ ಬೆಲೆ ಇನ್ನೂ ಹೆಚ್ಚು. ನಮ್ಮವರು ಒಂದೇ ವಿಷಯವನ್ನು ಮೂರು ರೀತಿ ಹುಡುಕುತ್ತಾರೆ. ಕನ್ನಡ ಲಿಪಿಯಲ್ಲಿ, ಇಂಗ್ಲಿಷ್ ಅಕ್ಷರದಲ್ಲಿ ಬರೆದ ಕನ್ನಡದಲ್ಲಿ, ನೇರ ಇಂಗ್ಲಿಷ್‌ನಲ್ಲಿ. ಕಿನ್ನಾಳ ಅನ್ನೋದನ್ನೇ ಇಂಗ್ಲಿಷ್‌ನಲ್ಲಿ 'ಹೆಚ್' ಹಾಕಿ ಬರೆಯುವವರಿದ್ದಾರೆ, ಎರಡು 'ಎನ್' ಹಾಕುವವರಿದ್ದಾರೆ. ವರದಿಯಲ್ಲಿರುವ ರೆಜೆಕ್ಸ್ (ಒಂದೇ ಮಾದರಿಯಿಂದ ಹಲವು ಪದ ಹಿಡಿಯುವ ವಿಧಾನ) ಸೋಸುವಿಕೆಯಿಂದ ಎಲ್ಲ ಕಾಗುಣಿತಗಳನ್ನೂ ಒಟ್ಟಿಗೆ ಹಿಡಿಯಬಹುದು.

ಇದರ ಮಿತಿ ಸ್ಪಷ್ಟ. ವಾಟ್ಸಾಪ್‌ನಿಂದ, ಫೇಸ್‌ಬುಕ್‌ನಿಂದ, ನೇರವಾಗಿ ವಿಳಾಸ ಬರೆದು ಬಂದವರು ಇದರ ಲೆಕ್ಕದಲ್ಲೇ ಇಲ್ಲ. ಒಂದೇ ಗೇಟಿನ ಲಾರಿ ಲೆಕ್ಕ ಅಂದದ್ದು ಅದಕ್ಕೇ. ಬಹಳ ಕಡಿಮೆ ಜನ ಹುಡುಕಿದ ಪದಗಳನ್ನು ಖಾಸಗಿತನದ ಕಾರಣಕ್ಕೆ ಗೂಗಲ್ ಮುಚ್ಚಿಡುತ್ತದೆ, ಹಾಗಾಗಿ ಪದಗಳ ಪಟ್ಟಿ ಕೂಡಿಸಿದರೆ ಮೇಲಿನ ಒಟ್ಟು ಅಂಕಿಗೆ ಸಮ ಬರೋದಿಲ್ಲ.

ನಿಮ್ಮದು ಅಂಗಡಿ ಆದರೆ ಇದರ ಪಕ್ಕದಲ್ಲೇ ಗೂಗಲ್ ಬಿಸಿನೆಸ್ ಪ್ರೊಫೈಲ್ ಕೂಡ ನೋಡಿ. ಎಷ್ಟು ಜನ ಕರೆ ಒತ್ತಿದರು, ಎಷ್ಟು ಜನ ದಾರಿ ಕೇಳಿದರು ಅಂತ ಅದು ಹೇಳುತ್ತದೆ.

ಗೂಗಲ್ ಅನಲಿಟಿಕ್ಸ್: ಯಾರಿಗೆ ಬೇಕು, ಯಾರಿಗೆ ಬೇಡ

ಗೂಗಲ್ 2005ರಲ್ಲಿ ಅರ್ಚಿನ್ ಅನ್ನೋ ಕಂಪನಿಯನ್ನು ಕೊಂಡು, ಅದೇ ವರ್ಷ ಅದರ ಸಾಧನವನ್ನು ಅನಲಿಟಿಕ್ಸ್ ಹೆಸರಲ್ಲಿ ಉಚಿತವಾಗಿ ಕೊಟ್ಟಿತು. ಹಳೆಯ ಆವೃತ್ತಿ 2023ರ ಜುಲೈ 1ಕ್ಕೆ ಎಣಿಸೋದು ನಿಲ್ಲಿಸಿತು. ಈಗ ಇರೋದು ಗೂಗಲ್ ಅನಲಿಟಿಕ್ಸ್ 4, ಅಂದರೆ ಜಿಎ4. ಇದರಲ್ಲಿ ಎಲ್ಲವೂ 'ಈವೆಂಟ್'. ಪುಟ ತೆರೆದದ್ದು ಒಂದು ಈವೆಂಟ್, ಕೆಳಗೆ ಜಾರಿಸಿದ್ದು ಒಂದು, ಲಿಂಕ್ ಒತ್ತಿದ್ದು ಒಂದು.

ಶಕ್ತಿ ಬಹಳ ಇದೆ, ಅದರಲ್ಲಿ ಅನುಮಾನ ಇಲ್ಲ. ಗೂಗಲ್ ಜಾಹೀರಾತಿಗೆ ಹಾಕಿದ ಯಾವ ರೂಪಾಯಿಯಿಂದ ಯಾವ ಗಿರಾಕಿ ಬಂದರು ಅಂತ ಹಿಂಬಾಲಿಸಬೇಕಾದರೆ ಇದಕ್ಕೆ ಸಾಟಿ ಕಡಿಮೆ. ತಾಣದಲ್ಲೇ ದುಡ್ಡು ಪಡೆದು ಮಾರುವವರಿಗೂ ಬೇಕು. ಆದರೆ ಐದು ಪುಟದ ತಾಣದ ಮಾಲೀಕರೊಬ್ಬರು ಇದನ್ನು ತೆರೆದರೆ ಮೊದಲ ಪರದೆಯಲ್ಲೇ ಸುಸ್ತಾಗುತ್ತಾರೆ. ನಾನು ಹಾಕಿಕೊಟ್ಟ ಎಷ್ಟೋ ಕಡೆ ಆರು ತಿಂಗಳಾದರೂ ಯಾರೂ ತೆರೆದು ನೋಡಿರಲಿಲ್ಲ. ನೋಡದ ಲೆಕ್ಕಕ್ಕೆ ಗಿರಾಕಿಯ ಡೇಟಾ ಯಾಕೆ ಖರ್ಚು ಮಾಡಿಸಬೇಕು? ಇದರ ಸ್ಕ್ರಿಪ್ಟ್ ನೂರು ಕೆಬಿ ಆಸುಪಾಸು ತೂಗುತ್ತದೆ. ಹಗುರ ಸಾಧನಗಳದ್ದು ಕೆಲವೇ ಕೆಬಿ. ಹಳ್ಳಿಯಲ್ಲಿ ನೆಟ್‌ವರ್ಕ್ ಒಂದೇ ಕಡ್ಡಿ ಇರುವಾಗ ಸ್ಕ್ರಿಪ್ಟ್ ಇಳಿಯುವ ಮುಂಚೆಯೇ ಪುಟ ಮುಚ್ಚಿದವರು ಲೆಕ್ಕಕ್ಕೇ ಸಿಗೋದಿಲ್ಲ. ಬ್ರೇವ್ ಬ್ರೌಸರ್ ಬಳಸುವವರು, ಜಾಹೀರಾತು ತಡೆಯುವ ಆಡ್‌ಬ್ಲಾಕರ್ ಹಾಕಿಕೊಂಡವರು ಕೂಡ ಎಷ್ಟೋ ಸಲ ಇದರ ಕಣ್ಣಿಗೆ ಬೀಳೋದಿಲ್ಲ.

ಹಾಕಿಕೊಳ್ಳೋದೇ ಆದರೆ ಮೊದಲ ದಿನವೇ ಎರಡು ಕೆಲಸ ಮಾಡಿ. ಸೆಟ್ಟಿಂಗ್ಸ್‌ನಲ್ಲಿ ಡೇಟಾ ಉಳಿಸುವ ಅವಧಿ 2 ತಿಂಗಳು ಅಂತ ಇರುತ್ತದೆ, ಅದನ್ನು 14 ತಿಂಗಳು ಮಾಡಿ. ಇಲ್ಲದಿದ್ದರೆ 'ಎಕ್ಸ್‌ಪ್ಲೋರ್' ವಿಭಾಗದಲ್ಲಿ ಹೋದ ವರ್ಷದ ಜೊತೆ ಹೋಲಿಸೋಕೆ ಆಗೋದಿಲ್ಲ. ಎರಡನೆಯದು, ಬೇಕಿಲ್ಲದಿದ್ದರೆ ಗೂಗಲ್ ಸಿಗ್ನಲ್ಸ್ (ಗೂಗಲ್ ಖಾತೆಗೆ ಲಾಗಿನ್ ಆದವರ ಮಾಹಿತಿ ಸೇರಿಸುವ ಆಯ್ಕೆ) ಆನ್ ಮಾಡಬೇಡಿ. ಮಂದಿ ಕಡಿಮೆ ಇರುವ ತಾಣದಲ್ಲಿ ಅದು ಆನ್ ಇದ್ದರೆ, ವಯಸ್ಸು, ಆಸಕ್ತಿ ಹೇಳುವಂಥ ವರದಿಗಳಲ್ಲಿ ಒಬ್ಬರ ಗುರುತು ಹೊರಬೀಳಬಾರದು ಅಂತ ಸಣ್ಣ ಸಣ್ಣ ಅಂಕಿಗಳನ್ನು ತೆಗೆದುಬಿಡಬಹುದು. ನಮ್ಮಂಥ ಸಣ್ಣ ತಾಣಗಳಿಗೆ ಬೇಕಾದ್ದೇ ಆ ಸಣ್ಣ ಅಂಕಿ, ಅಲ್ವಾ? ಮತ್ತೆ, ನಿನ್ನೆಯ ಲೆಕ್ಕ ಪೂರ್ತಿ ಕೂಡೋಕೆ 24ರಿಂದ 48 ಗಂಟೆ ಹಿಡಿಯಬಹುದು. ಬೆಳಿಗ್ಗೆ ನೋಡಿ ಗಾಬರಿಯಾಗಬೇಡಿ.

ಊರಿನ ಪಟ್ಟಿಯನ್ನಂತೂ ನಂಬಲೇಬೇಡಿ. ಜೀನ್ಸ್ ಘಟಕದ ಅಣ್ಣಾವ್ರು ಒಮ್ಮೆ ಫೋನ್ ಮಾಡಿ, "ಬೆಂಗಳೂರಿನವ್ರೇ ಜಾಸ್ತಿ ನೋಡಾಕತ್ತಾರ, ಅಲ್ಲೇ ಜಾಹೀರಾತು ಹಾಕೋಣ" ಅಂದರು. ಸ್ವಲ್ಪ ತಡೀರಿ ಅಂದೆ. ಊರನ್ನು ಐಪಿ ವಿಳಾಸದಿಂದ ಊಹಿಸುತ್ತಾರೆ. ಮೊಬೈಲ್ ಡೇಟಾದಲ್ಲಿ ಬಂದವರ ಐಪಿ ಎಷ್ಟೋ ಸಲ ಅವರ ಊರಿನದಲ್ಲ, ಮೊಬೈಲ್ ಕಂಪನಿಯ ದೊಡ್ಡ ಕೇಂದ್ರ ಇರುವ ನಗರದ್ದು. ಸಿರುಗುಪ್ಪದಲ್ಲಿ ಕೂತವರೂ ಬೆಂಗಳೂರಿನವರಾಗಿ ಕಾಣಬಹುದು. ಇದು ಜಿಎ4 ಒಂದರ ದೋಷವಲ್ಲ, ಐಪಿ ನೋಡಿ ಊರು ಹೇಳುವ ಎಲ್ಲ ಸಾಧನಗಳಿಗೂ ಇದೇ ಮಿತಿ. ಅಣ್ಣಾವ್ರು ಒಂದು ತಿಂಗಳು ಕರೆ ಮಾಡಿದವರನ್ನೆಲ್ಲ ಊರು ಕೇಳಿ ಬರೆದಿಟ್ಟರು. ಜಾಹೀರಾತು ಕೊನೆಗೆ ಬೇರೆ ಊರಿಗೆ ಹೋಯಿತು.

ಹಗುರ ಸಾಧನಗಳು

ನಾನು ಜಾಸ್ತಿ ಶಿಫಾರಸು ಮಾಡೋದು ಇವನ್ನೇ. ಪ್ಲಾಸಿಬಲ್, ಉಮಾಮಿ, ಗೋಟ್‌ಕೌಂಟರ್. ಮೂರೂ ಮುಕ್ತ ತಂತ್ರಾಂಶ, ಮೂರೂ ಕುಕೀ (ಬಂದವರನ್ನು ಗುರುತಿಸೋಕೆ ಅವರ ಬ್ರೌಸರ್‌ನಲ್ಲಿ ಇಡುವ ಸಣ್ಣ ಗುರುತು) ಇಡೋದಿಲ್ಲ. ಒಂದೇ ಪರದೆಯಲ್ಲಿ ಎಷ್ಟು ಭೇಟಿ, ಯಾವ ಪುಟ, ಎಲ್ಲಿಂದ ಅನ್ನೋದು ಬಂದುಬಿಡುತ್ತದೆ. ಹತ್ತನೇ ಕ್ಲಾಸಿನ ಮಗಳು ಅಪ್ಪನಿಗೆ ಓದಿ ಹೇಳಬಹುದಾದಷ್ಟು ಸರಳ. ಗೊಂಬೆ ಮಾಡುವ ಮನೆಯಲ್ಲಿ ನಿಜಕ್ಕೂ ಹಾಗೇ ನಡೆಯುತ್ತದೆ.

ಕುಕೀ ಇಲ್ಲದೆ ಒಬ್ಬರನ್ನು ಹೇಗೆ ಗುರುತಿಸುತ್ತಾರೆ? ಪ್ಲಾಸಿಬಲ್ ಐಪಿ ಮತ್ತು ಬ್ರೌಸರ್ ವಿವರವನ್ನು, ದಿನದಿನವೂ ಬದಲಾಗುವ ಒಂದು ಗುಟ್ಟಿನ ಪದದ ಜೊತೆ ಕಲಸಿ ಒಂದು ಸಂಕೇತ ಮಾಡುತ್ತದೆ. ಮರುದಿನ ಹಳೆಯ ಗುಟ್ಟಿನ ಪದ ಅಳಿಸಿಹೋಗುತ್ತದೆ. ಇದರಿಂದ ಓದುಗರ ಖಾಸಗಿತನ ಉಳಿಯಿತು. ಅದಕ್ಕೆ ಕೊಡುವ ಬೆಲೆ ಏನೆಂದರೆ, ಇವತ್ತು ಬಂದವರೇ ನಾಳೆ ಬಂದರೆ ಹೊಸಬರಾಗಿ ಎಣಿಕೆಯಾಗುತ್ತಾರೆ. ದಿನದ ಲೆಕ್ಕ ಸರಿ, ತಿಂಗಳ 'ಹೊಸ ಮಂದಿ' ಲೆಕ್ಕ ಸ್ವಲ್ಪ ಉಬ್ಬಿರುತ್ತದೆ. ದಿನವೂ ಅದೇ ಓದುಗರು ಬರುವ ಸುದ್ದಿ ತಾಣಕ್ಕೆ ಇದು ದೊಡ್ಡ ವ್ಯತ್ಯಾಸ. ಗೊಂಬೆ ಅಂಗಡಿಗೆ ಏನೂ ಅಲ್ಲ.

ಮೂರರಲ್ಲಿ ಯಾವುದು? ಸಣ್ಣ ತಾಣ, ದುಡ್ಡು ಹಾಕೋಕೆ ಮನಸ್ಸಿಲ್ಲ ಅಂದರೆ ಗೋಟ್‌ಕೌಂಟರ್. ನೋಡೋಕೆ ಅಂದವಾಗಿಲ್ಲ, ಕೆಲಸ ಚೊಕ್ಕ. ನೋಟವೂ ಚೆನ್ನಾಗಿರಬೇಕು, ತಿಂಗಳಿಗೆ ಡಾಲರ್ ಲೆಕ್ಕದಲ್ಲಿ ಬಾಡಿಗೆ ಕಟ್ಟೋಕೆ ತೊಂದರೆ ಇಲ್ಲ ಅಂದರೆ ಪ್ಲಾಸಿಬಲ್. ನಿಮ್ಮದೇ ಸರ್ವರ್ ಇದ್ದು ನೋಡ್‌ಜೆಎಸ್ ಗೊತ್ತಿದ್ದರೆ ಉಮಾಮಿ. ಡಿಎನ್ಎಸ್ ಈಗಾಗಲೇ ಕ್ಲೌಡ್‌ಫ್ಲೇರ್‌ನಲ್ಲಿ ಇದ್ದವರು ಅವರ ಉಚಿತ ವೆಬ್ ಅನಲಿಟಿಕ್ಸ್ ಹಾಕಿಕೊಳ್ಳಬಹುದು, ಪುಟ ಎಷ್ಟು ಬೇಗ ತೆರೆಯುತ್ತದೆ ಅನ್ನೋದನ್ನೂ ಅದು ಹೇಳುತ್ತದೆ.

ಮಟೋಮೊ ಇವುಗಳ ದೊಡ್ಡಣ್ಣ. 2007ರಲ್ಲಿ ಪಿವಿಕ್ ಅಂತ ಶುರುವಾಗಿ 2018ರಲ್ಲಿ ಹೆಸರು ಬದಲಾಯಿಸಿಕೊಂಡಿತು. ಪಿಎಚ್‌ಪಿ ಮತ್ತು ಮೈಎಸ್‌ಕ್ಯೂಎಲ್ ಇರುವ ಮಾಮೂಲಿ ಹೋಸ್ಟಿಂಗ್‌ನಲ್ಲೇ ಉಚಿತವಾಗಿ ಕೂರುತ್ತದೆ, ಹಳೆಯ ಸರ್ವರ್ ಲಾಗ್‌ಗಳನ್ನೂ ಒಳಗೆ ಎಳೆದುಕೊಳ್ಳಬಲ್ಲದು. ಜಿಎ4ನಷ್ಟು ವಿವರ ಬೇಕು, ಆದರೆ ಡೇಟಾ ನಮ್ಮ ಕೈಯಲ್ಲೇ ಇರಬೇಕು ಅನ್ನುವ ಕಾಲೇಜು, ಆಸ್ಪತ್ರೆ, ಸಹಕಾರಿ ಸಂಘಗಳಿಗೆ ಇದು ಸರಿ.

ಆದರೆ ಎಣಿಸುವ ಸಾಧನವನ್ನು ನೀವೇ ಇಟ್ಟುಕೊಳ್ಳುವಾಗ ಒಂದು ಮಾತು ನೆನಪಿಡಿ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟಿನ 19ನೇ ಕ್ರಸ್ಟ್ ಗೇಟ್ ಕೊಚ್ಚಿಹೋಯಿತು. ಕೊಪ್ಪಳ, ಬಳ್ಳಾರಿ, ರಾಯಚೂರು, ಎಲ್ಲರಿಗೂ ಒಂದೇ ಚಿಂತೆ: ನೀರು ಎಷ್ಟು ಉಳಿಯುತ್ತದೆ, ಬೆಳೆ ಏನಾಗುತ್ತದೆ? ನಾನು ನೋಡಿಕೊಳ್ಳುವ ಸುದ್ದಿ ತಾಣಕ್ಕೆ ಮರುದಿನ ಬೆಳಿಗ್ಗೆ ಜನ ನುಗ್ಗಿದರು. ಎಣಿಸುವ ತಂತ್ರಾಂಶವನ್ನೂ ನಾನು ಅದೇ ಸಣ್ಣ ಹೋಸ್ಟಿಂಗ್‌ನಲ್ಲಿ, ಅದೇ ಡೇಟಾಬೇಸ್ ಸರ್ವರ್‌ನಲ್ಲಿ ಇಟ್ಟಿದ್ದೆ. ಒಬ್ಬೊಬ್ಬರು ಬಂದಾಗಲೂ ಡೇಟಾಬೇಸ್‌ಗೆ ಒಂದು ಬರಹ. ಬಂದವರನ್ನು ಎಣಿಸೋಕೆ ಹೋಗಿ, ಬಂದವರಿಗೆ ಪುಟವೇ ತೆರೆಯದ ಹಾಗಾಯಿತು. ಜನಕ್ಕೆ ಸುದ್ದಿ ಬೇಕಿದ್ದ ಹೊತ್ತಿನಲ್ಲೇ ಅದು ಸಿಗಲಿಲ್ಲ ಅನ್ನೋದು ಇವತ್ತಿಗೂ ನೋಯುತ್ತದೆ. ಎಣಿಕೆಯನ್ನು ನಿಲ್ಲಿಸಿದ ಮೇಲೆ ತಾಣ ಉಸಿರಾಡಿತು. ಮಂದಿ ಒಮ್ಮೆಲೆ ಬರುವ ಸಾಧ್ಯತೆ ಇರುವ ತಾಣಕ್ಕೆ ಎಣಿಕೆ ಬೇರೆ ಕಡೆ ಇರಲಿ.

ಬ್ಲಾಗರ್‌ನಲ್ಲಿ ಬರೆಯುವವರಿಗೆ ಒಳಗೇ ಅಂಕಿಅಂಶ ಸಿಗುತ್ತದೆ, ಆದರೆ ಬಾಟ್‌ಗಳೂ ಸೇರಿರುತ್ತವೆ. ವರ್ಡ್‌ಪ್ರೆಸ್‌ನ ಎಣಿಕೆ ಪ್ಲಗಿನ್‌ಗಳಲ್ಲಿ ನಿಮ್ಮದೇ ಡೇಟಾಬೇಸ್‌ಗೆ ಬರೆಯುವಂಥವು ಇದ್ದರೆ ಮೇಲಿನ ಕಥೆ ಅವಕ್ಕೂ ಅನ್ವಯಿಸುತ್ತದೆ. ಪುಟದ ಅಡಿಯಲ್ಲಿ ಓಡುವ 'ನೀವು ಇಷ್ಟನೇ ಭೇಟಿಗಾರರು' ಅಂಕಿಯಿಂದ ಯಾರಿಗೂ ಉಪಯೋಗವಿಲ್ಲ, ತೆಗೆದುಬಿಡಿ.

ವಾಟ್ಸಾಪ್‌ನಿಂದ ಬಂದವರು ಎಲ್ಲಿ ಹೋದರು?

ಯಾವ ಸಾಧನ ಆರಿಸಿದರೂ ಈ ಭಾಗ ಬಿಡಬೇಡಿ. ನಮ್ಮ ಕಡೆ ಲಿಂಕ್ ಓಡಾಡೋದು ವಾಟ್ಸಾಪ್‌ನಲ್ಲಿ. ಆದರೆ ವಾಟ್ಸಾಪ್‌ನಲ್ಲಿ ಲಿಂಕ್ ಒತ್ತಿ ಬಂದವರು ಸಾಮಾನ್ಯವಾಗಿ ಎಲ್ಲಿಂದ ಬಂದೆವು ಅನ್ನೋ ಗುರುತನ್ನು ತರೋದಿಲ್ಲ. ಅವರೆಲ್ಲ 'ಡೈರೆಕ್ಟ್' ಅನ್ನೋ ಡಬ್ಬಿಗೆ ಬೀಳುತ್ತಾರೆ. ಡೈರೆಕ್ಟ್ ಜಾಸ್ತಿ ಇದ್ದರೆ ಜನ ನಮ್ಮ ವಿಳಾಸ ಬಾಯಿಪಾಠ ಮಾಡಿದ್ದಾರೆ ಅಂತ ಖುಷಿಪಡುವ ಹಾಗಿಲ್ಲ.

ಇದಕ್ಕೆ ಮದ್ದು ಯುಟಿಎಂ ಗುರುತು. ಲಿಂಕಿನ ಕೊನೆಗೆ ಪ್ರಶ್ನಾರ್ಥಕ ಚಿಹ್ನೆ ಹಾಕಿ ಸೋರ್ಸ್, ಮೀಡಿಯಂ, ಕ್ಯಾಂಪೇನ್ ಅಂತ ಮೂರು ಪದ ಸೇರಿಸೋದು. ಆ ಹೆಸರಿನ ಮೊದಲಕ್ಷರ ಅದೇ ಹಳೆಯ ಅರ್ಚಿನ್ ಕಂಪನಿಯದು. ಲಿಂಕ್ ತಯಾರಿಸಿಕೊಡುವ ಉಚಿತ ಪುಟ ಗೂಗಲ್‌ನದೇ ಇದೆ. ಪ್ಲಾಸಿಬಲ್, ಮಟೋಮೊ, ಜಿಎ4 ಎಲ್ಲವೂ ಈ ಗುರುತನ್ನು ಓದುತ್ತವೆ.

ಗೊಂಬೆ ಮಾಡುವ ಕುಟುಂಬಕ್ಕೆ ಮೂರು ಲಿಂಕ್ ಮಾಡಿಕೊಟ್ಟೆ. ಒಂದು ವಾಟ್ಸಾಪ್ ಗುಂಪುಗಳಿಗೆ, ಒಂದು ಆ ಮನೆಯ ಅಕ್ಕನ ವಾಟ್ಸಾಪ್ ಸ್ಟೇಟಸ್‌ಗೆ, ಮೂರನೆಯದು ಕ್ಯೂಆರ್ ಚಿತ್ರವಾಗಿ ಗವಿಮಠದ ಜಾತ್ರೆಯಲ್ಲಿ ಹಾಕುವ ಅಂಗಡಿಯ ಬೋರ್ಡಿಗೆ. ಜಾತ್ರೆಯಲ್ಲಿ ಗೊಂಬೆ ಕೈಗೆತ್ತಿಕೊಂಡು ನೋಡಿ, ಕೊಳ್ಳದೆ ಹೋದವರು ಬಹಳ. ಅವರಲ್ಲಿ ಕೆಲವರು ಕ್ಯೂಆರ್ ಹೊಡೆದುಕೊಂಡು ಹೋಗಿ, ಮನೆ ಮುಟ್ಟಿದ ಮೇಲೆ ದಂಪತಿ ಗೊಂಬೆಗಳ ಪುಟ ತೆರೆದದ್ದು ಲೆಕ್ಕದಲ್ಲಿ ಬೇರೆಯೇ ಕಂಡಿತು. ಮುಂದಿನ ಸಲ ಬೋರ್ಡ್ ದೊಡ್ಡದಾಯಿತು.

ಹೆಸರು ಇಡುವಾಗ ಯಾವಾಗಲೂ ಇಂಗ್ಲಿಷ್ ಸಣ್ಣ ಅಕ್ಷರಗಳನ್ನೇ ಬಳಸಿ. ಒಮ್ಮೆ ದೊಡ್ಡ ಅಕ್ಷರ, ಒಮ್ಮೆ ಸಣ್ಣದು ಹಾಕಿದರೆ ಜಿಎ4 ಎರಡನ್ನೂ ಬೇರೆ ಬೇರೆ ಅಂತ ಎಣಿಸುತ್ತದೆ. ನಿಮ್ಮ ತಾಣದ ಒಳಗಿನ ಲಿಂಕುಗಳಿಗೆ ಮಾತ್ರ ಈ ಗುರುತು ಹಾಕಬೇಡಿ, ಗಿರಾಕಿ ಮೊದಲು ಎಲ್ಲಿಂದ ಬಂದರು ಅನ್ನೋ ಲೆಕ್ಕ ಕೆಡುತ್ತದೆ.

ಬಂದವರ ಬೆರಳು ಎಲ್ಲಿ ಹೋಯಿತು

ಮೈಕ್ರೋಸಾಫ್ಟ್ ಕ್ಲಾರಿಟಿ 2020ರಿಂದ ಎಲ್ಲರಿಗೂ ಉಚಿತ. ಇದು ಎಣಿಸೋದಕ್ಕಿಂತ ತೋರಿಸೋದು ಜಾಸ್ತಿ. ಯಾವ ಭಾಗವನ್ನು ಜನ ಒತ್ತಿದರು ಅನ್ನೋ ಬಣ್ಣದ ನಕ್ಷೆ, ಒಂದೊಂದು ಭೇಟಿಯ ರೆಕಾರ್ಡಿಂಗ್ ಎಲ್ಲ ಸಿಗುತ್ತದೆ.

ಮಿಲ್ಲಿನ ತಾಣಕ್ಕೆ ಇದನ್ನು ಎರಡೇ ವಾರ ಹಾಕಿದ್ದೆ. ಒಂದು ರೆಕಾರ್ಡಿಂಗ್‌ನಲ್ಲಿ ಒಬ್ಬರು ಮೊಬೈಲಿನಲ್ಲಿ ಪುಟ ತೆರೆದು, ನೇರವಾಗಿ ಮೇಲಿನ ಬ್ಯಾನರ್ ಮೇಲೆ ಒತ್ತಿದರು. ಏನೂ ಆಗಲಿಲ್ಲ. ಮತ್ತೆ ಒತ್ತಿದರು. ಐದಾರು ಸಲ ಒತ್ತಿ ಹೊರಟುಹೋದರು. ಬ್ಯಾನರ್ ನೋಡಿದೆ. ಫೋನ್ ನಂಬರ್ ದೊಡ್ಡದಾಗಿ ಇತ್ತು, ಆದರೆ ಚಿತ್ರದ ಒಳಗೆ. ಒತ್ತಿದರೆ ಕರೆ ಹೋಗುವ ಲಿಂಕ್ ಆಗಿರಲಿಲ್ಲ. ಅಕ್ಕಿ ಬೇಕು ಅಂತ ಬಂದ ಗಿರಾಕಿ ಬಾಗಿಲು ಬಡಿದು ಬಡಿದು ವಾಪಸ್ ಹೋಗಿದ್ದರು. ಅವತ್ತೇ ನಂಬರನ್ನು ಲಿಂಕ್ ಮಾಡಿದೆ. ಜಿಎ4 ಇದನ್ನು 'ತೊಡಗಿಕೊಂಡ ಸೆಷನ್' ಅಂತಲೇ ಎಣಿಸುತ್ತಿತ್ತು, ಏಕೆಂದರೆ ಅವರು 10 ಸೆಕೆಂಡಿಗಿಂತ ಜಾಸ್ತಿ ಹೊತ್ತು ಇದ್ದರು.

ಫಾರ್ಮ್‌ನಲ್ಲಿ ಬರೆದದ್ದನ್ನು ಕ್ಲಾರಿಟಿ ಮರೆಮಾಡುತ್ತದೆ, ಆದರೂ ಕ್ಲಿನಿಕ್‌ನಂಥ ತಾಣಕ್ಕೆ ರೆಕಾರ್ಡಿಂಗ್ ಹಾಕೋಕೆ ನಾನು ಒಪ್ಪೋದಿಲ್ಲ. ಯಾವ ಕಾಯಿಲೆಯ ಪುಟ ಓದಿದರು ಅನ್ನೋದೇ ಒಬ್ಬರ ಗುಟ್ಟು. ನಮ್ಮಲ್ಲೂ 2023ರಲ್ಲಿ ಡಿಜಿಟಲ್ ವೈಯಕ್ತಿಕ ದತ್ತಾಂಶ ರಕ್ಷಣೆಯ ಕಾಯ್ದೆ ಬಂದಿದೆ. ಏನು ಸಂಗ್ರಹಿಸುತ್ತೀರಿ ಅಂತ ತಾಣದಲ್ಲಿ ಕನ್ನಡದಲ್ಲೇ, ಓದಿದರೆ ಅರ್ಥವಾಗುವ ಹಾಗೆ ಬರೆದು ಹಾಕಿ.

ಫೋನ್ ಲಿಂಕ್ ಒತ್ತಿದ್ದನ್ನು ಎಣಿಸೋಕೂ ಸ್ವಲ್ಪ ಕೆಲಸ ಇದೆ. ವಾಟ್ಸಾಪ್ ಬಟನ್ ಬೇರೆ ತಾಣಕ್ಕೆ ಹೋಗುವ ಲಿಂಕ್ ಆದ್ದರಿಂದ ಜಿಎ4 ತಾನೇ ಹಿಡಿಯುತ್ತದೆ. ಕರೆಯ ಲಿಂಕಿಗೆ ಗೂಗಲ್‌ನ ಟ್ಯಾಗ್ ಮ್ಯಾನೇಜರ್‌ನಲ್ಲಿ ಒಂದು ಟ್ರಿಗರ್ (ಲಿಂಕ್ ಒತ್ತಿದಾಗ ಎಣಿಸು ಅನ್ನೋ ಸೂಚನೆ) ಹಾಕಬೇಕು. ಗೋಟ್‌ಕೌಂಟರ್‌ನಲ್ಲಿ ಆ ಲಿಂಕಿಗೇ ಒಂದು ಹೆಸರು ಕೊಟ್ಟರೆ ಸಾಕು.

ಮಿಲ್ಲಿನ ತಾಣದಲ್ಲಿ ಕೊನೆಗೆ ಉಳಿದದ್ದು ಸರ್ಚ್ ಕನ್ಸೋಲ್, ಗೋಟ್‌ಕೌಂಟರ್, ಗುರುತು ಹಾಕಿದ ಎರಡು ವಾಟ್ಸಾಪ್ ಲಿಂಕ್. ಅನಲಿಟಿಕ್ಸ್ ತೆಗೆದೆ. ಹಿಂದೆ ತಾಣ ಮಾಡಿದವರು ಅದರ ಕೋಡನ್ನು ಎರಡು ಸಲ ಅಂಟಿಸಿದ್ದರು, ಹಾಗಾಗಿ ಒಂದೊಂದು ಪುಟವೂ ಎರಡಾಗಿ ಎಣಿಕೆಯಾಗುತ್ತಿತ್ತು. ನಿಮ್ಮ ತಾಣದಲ್ಲೂ ಒಮ್ಮೆ ಪುಟದ ಸೋರ್ಸ್ ತೆರೆದು ನೋಡಿಕೊಳ್ಳಿ. ಆಫೀಸಿನ ಫೋನ್ ಪಕ್ಕ ಒಂದು ನೋಟ್‌ಬುಕ್ ಇಡಿಸಿದೆ. ಹೊಸಬರು ಕರೆ ಮಾಡಿದರೆ ಸಾವ್ಕಾರರ ಮಗ "ನಮ್ಮ ನಂಬರ್ ಎಲ್ಲಿ ಸಿಕ್ತ್ರಿ?" ಅಂತ ಕೇಳಿ ಬರೆಯುತ್ತಾನೆ. ದಲ್ಲಾಳಿ, ನೆಂಟರು, ಗೂಗಲ್, ವಾಟ್ಸಾಪ್. ತಿಂಗಳ ಮೊದಲ ಸೋಮವಾರ ಆ ನೋಟ್‌ಬುಕ್ಕನ್ನೂ ಗೋಟ್‌ಕೌಂಟರ್‌ನ ಹಾಳೆಯನ್ನೂ ಪಕ್ಕಪಕ್ಕ ಇಟ್ಟು ನೋಡುತ್ತೇವೆ. ಮೊನ್ನೆ ಹೋದಾಗ ಸಾವ್ಕಾರರು ನಾನು ಕೂರುವ ಮೊದಲೇ ನೋಟ್‌ಬುಕ್ ತೆರೆದಿಟ್ಟಿದ್ದರು. 'ಸೈಟ್ ನೋಡಿ' ಅಂತ ಇದ್ದ ಸಾಲುಗಳಿಗೆಲ್ಲ ಕೆಂಪು ಪೆನ್ನಿನಲ್ಲಿ ಅಡಿಗೆರೆ ಎಳೆದಿದ್ದರು.